ಝೆಲ್ಲಿಜ್ ಚೂರುಗಳ ನಡುವೆ ಸಂದು ಕಾಣದು ಏಕೆ?

ಪ್ರಶ್ನೆ: ಮೊರಾಕ್ಕೊದ ಫೆಸ್ ನಗರದ ಮದರಸಾ ಗೋಡೆಗಳ ಝೆಲ್ಲಿಜ್‌ನಲ್ಲಿ, ಅಂದರೆ ಕಡಿದ ಟೈಲ್ ಕೂಡಿಸಿ ಮಾಡುವ ಅಲಂಕಾರದಲ್ಲಿ, ಸಾವಿರಾರು ಚೂರುಗಳಿದ್ದರೂ ನಡುವೆ ಗಾರೆಯ ಗೆರೆ ಕಾಣುವುದೇ ಇಲ್ಲ. ಒಂದೊಂದನ್ನೇ ಗೋಡೆಗೆ ಅಂಟಿಸುತ್ತಾ ಹೋದರೆ ಇಷ್ಟು ಬಿಗಿಯಾಗಿ ಕೂರುತ್ತವೆಯೇ?

ಉತ್ತರ: ಕೂರುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಚೂರುಗಳನ್ನು ನೆಲದ ಮೇಲೆ, ಬಣ್ಣದ ಮುಖ ಕೆಳಗಾಗಿಸಿ ಜೋಡಿಸುತ್ತಾರೆ. ಆಮೇಲೆ ಬೆನ್ನಿಗೆ ಗಾರೆ ಸುರಿದು, ಅದು ಚೂರುಗಳೊಂದಿಗೆ ಒಂದೇ ಹಲಗೆಯಂತೆ ಗಟ್ಟಿಯಾದ ಮೇಲೆ ಎತ್ತಿ ಗೋಡೆಗೆ ನಿಲ್ಲಿಸುತ್ತಾರೆ.

ಗುಟ್ಟು ಇರುವುದು ಚೂರಿನ ಬೆನ್ನಲ್ಲಿ. ಸುಮಾರು 10 ಸೆಂ.ಮೀ. ಚೌಕದ, ಮೆರುಗು ಹಚ್ಚಿ ಸುಟ್ಟ ಟೈಲ್ ಮೇಲೆ ಅಚ್ಚಿಟ್ಟು ಆಕಾರ ಗೀಚುತ್ತಾರೆ. ಕೆಲಸಗಾರ ಅದನ್ನು ಅಡಿಗಲ್ಲಿನ ಮೇಲಿಟ್ಟು ‘ಮೆನ್‌ಕಾಶ್’ ಎಂಬ ಭಾರದ, ಹರಿತ ಅಂಚಿನ ಸುತ್ತಿಗೆಯಿಂದ ಗೆರೆಯುದ್ದಕ್ಕೂ ಕಡಿಯುತ್ತಾನೆ. ಬಳಿಕ ಅಂಚುಗಳನ್ನು ಹಿಂಬದಿಗೆ ಓರೆಯಾಗಿ ಕೆತ್ತುತ್ತಾನೆ. ಚೂರು ಮುಂದೆ ಅಗಲ, ಹಿಂದೆ ಕಿರಿದು. ಮುಂದಿನ ಮೆರುಗಿನ ಅಂಚುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಹಿಂದಿನ ಬಿರುಕಿನಂಥ ಜಾಗಕ್ಕೆ ಗಾರೆ ಇಳಿದು ಹಿಡಿದುಕೊಳ್ಳುತ್ತದೆ. ಯಂತ್ರದಿಂದ ನೇರವಾಗಿ ಕೊಯ್ದ ಚೂರುಗಳಿಗೆ ಈ ಓರೆ ಇರುವುದಿಲ್ಲ, ಅದಕ್ಕೇ ಅವುಗಳ ನಡುವೆ ಗೆರೆ ಬಿಡಬೇಕಾಗುತ್ತದೆ.

ಕೆಡುವುದು ಎಲ್ಲಿ? ಚೂರು ಬೋರಲಾಗಿ ಬಿದ್ದಾಗ ಕಾಣುವುದು ಮಣ್ಣಿನ ಬಣ್ಣವೊಂದೇ. ನೀಲಿ ಯಾವುದು, ಹಸಿರು ಯಾವುದು ಎಂದು ನೆನಪಿನಲ್ಲೇ ಇಟ್ಟುಕೊಳ್ಳಬೇಕು. ತಪ್ಪು ಗೊತ್ತಾಗುವುದು ಹಲಗೆ ಎತ್ತಿದ ಮೇಲೆ. ಅಳತೆಯದ್ದು ಇನ್ನೂ ಕಠಿಣ: ಪ್ರತಿ ಚೂರಿಗೆ ಅರ್ಧ ಮಿ.ಮೀ. ಹೆಚ್ಚಾದರೂ 20 ಚೂರುಗಳ ಸಾಲು 1 ಸೆಂ.ಮೀ. ಉದ್ದವಾಗುತ್ತದೆ. ಎಂಟು ಮೊನೆಯ ನಕ್ಷತ್ರ ಅಂದರೆ ಒಂದೇ ಅಳತೆಯ ಎರಡು ಚೌಕಗಳು, ಒಂದರ ಮೇಲೊಂದು 45 ಡಿಗ್ರಿ ತಿರುಗಿಸಿದ್ದು. ಪ್ರತಿ ಮೊನೆಯೂ 90 ಡಿಗ್ರಿ. ಒಂದು ಮೊನೆ ತಪ್ಪಿದರೆ ಪಕ್ಕದ ಚೂರು ಒಳಗೆ ಹೋಗುವುದಿಲ್ಲ, ಬಲವಂತ ಮಾಡಿದರೆ ಮೆರುಗು ಚಕ್ಕೆ ಎದ್ದೀತು.

ಅಕ್ಷರಪಟ್ಟಿ ಬೇರೆ ಕಥೆ. ಫೆಸ್‌ನಲ್ಲಿರುವ 1350–55ರ ಬೂ ಇನಾನಿಯಾ ಮದರಸಾದಂಥ ಕಡೆ ಕಪ್ಪು ಮೆರುಗಿನ ಟೈಲ್‌ನಲ್ಲಿ ಅಕ್ಷರದ ಸುತ್ತಲಿನ ಮೆರುಗನ್ನು ಕೆರೆದು ತೆಗೆಯುತ್ತಾರೆ. ಮಣ್ಣಿನ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಉಳಿಯುತ್ತದೆ. ಬಾಗು ಬಳುಕುಗಳಿಗೆ ಇದು ಸುಲಭ.

ಎಲ್ಲ ಮಸೀದಿಯ ಟೈಲ್ ಕೆಲಸವೂ ಹೀಗಲ್ಲ. ಇರಾನಿನ ಇಸ್ಫಹಾನ್‌ನಲ್ಲಿ 1611ರಲ್ಲಿ ಶುರುವಾದ ಶಾ ಮಸೀದಿಯಲ್ಲಿ ಹೆಚ್ಚಿನದು ಚೌಕ ಟೈಲ್ ಮೇಲೆ ಹಲವು ಬಣ್ಣ ಬಳಿದು ಸುಟ್ಟದ್ದು. ಗುರುತಿಸುವುದು ಹೇಗೆಂದರೆ, ಸಂದನ್ನು ಹಿಂಬಾಲಿಸಿ. ಅದು ಹೂಬಳ್ಳಿಯನ್ನು ಅಡ್ಡ ಕತ್ತರಿಸಿ ನೇರ ಸಾಗಿದರೆ ಬಣ್ಣ ಬಳಿದ ಟೈಲ್, ಆಕೃತಿಯ ಅಂಚಿನಲ್ಲೇ ತಿರುಗಿದರೆ ಕಡಿದು ಕೂಡಿಸಿದ್ದು.