ಸಿಪಾಯಿಯ ಕೋಟಿಗೆ ದುಡ್ಡು ಕೊಟ್ಟವರು ಯಾರು?

18ನೇ ಶತಮಾನದ ಆರಂಭದ ಇಂಗ್ಲಿಷ್ ಕಾಲಾಳು ರೆಜಿಮೆಂಟಿನ ಲೆಕ್ಕ ಓದುವವರು ಎಡವುವುದು ಸಂಬಳದ ಸಾಲಿನಲ್ಲೇ. ಸಾಮಾನ್ಯ ಸಿಪಾಯಿಗೆ ದಿನಕ್ಕೆ 8 ಪೆನ್ಸ್, ಅಂದರೆ ವರ್ಷಕ್ಕೆ 12 ಪೌಂಡ್ 3 ಶಿಲಿಂಗ್ 4 ಪೆನ್ಸ್ ಎಂದು ಬರೆದಿರುತ್ತದೆ. (12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್.) ಆದರೆ ಅದರಲ್ಲಿ 6 ಪೆನ್ಸ್ ಮಾತ್ರ ಅವನ ಹೊಟ್ಟೆಪಾಡಿಗೆ. ಮಿಕ್ಕ 2 ಪೆನ್ಸನ್ನು ಬಟವಾಡೆಗೆ ಮುಂಚೆಯೇ ಮುರಿದುಕೊಳ್ಳುತ್ತಿದ್ದರು. ಇದೇ ‘ಆಫ್ ರೆಕನಿಂಗ್ಸ್’. ಸರ್ಕಾರ ತೊಡಿಸಿದ ಕೆಂಪು ಕೋಟಿನ ಬೆಲೆ ಸಿಪಾಯಿಯ ಸಂಬಳದಿಂದಲೇ ಹೋಗುತ್ತಿತ್ತು.

ಆ 2 ಪೆನ್ಸೂ ಇಡಿಯಾಗಿ ಬಟ್ಟೆಗೆ ಸೇರುತ್ತಿರಲಿಲ್ಲ. ವರ್ಷಕ್ಕೆ ಅದು 3 ಪೌಂಡ್ 10 ಪೆನ್ಸ್. ಪೂರ್ತಿ ಸಂಬಳದ ಮೇಲೆ ಪೌಂಡಿಗೆ ಒಂದು ಶಿಲಿಂಗಿನಂತೆ ಖಜಾನೆಯ ಕಡಿತ 12 ಶಿಲಿಂಗ್ 2 ಪೆನ್ಸ್. ವೃದ್ಧ ಮತ್ತು ಅಂಗವಿಕಲ ಸೈನಿಕರನ್ನು ಸಾಕುತ್ತಿದ್ದ ಚೆಲ್ಸಿ ಆಸ್ಪತ್ರೆಗೆ ಒಂದು ದಿನದ ಸಂಬಳ, 8 ಪೆನ್ಸ್. ರೆಜಿಮೆಂಟಿನ ಹಣದ ಲೆಕ್ಕ ನೋಡಿಕೊಳ್ಳುತ್ತಿದ್ದ ಏಜೆಂಟನಿಗೆ ಪೌಂಡಿಗೆ 2 ಪೆನ್ಸ್. ಕೊನೆಗೆ ಬಟ್ಟೆಗೆ ಉಳಿಯುತ್ತಿದ್ದುದು ಸುಮಾರು 46 ಶಿಲಿಂಗ್.

ಇಷ್ಟರಲ್ಲಿ ರೆಜಿಮೆಂಟಿನ ಮುಖ್ಯಸ್ಥನಾದ ಕರ್ನಲ್ ಮೊದಲ ವರ್ಷ ಅಸ್ತರು ಹಾಕಿದ ಉಣ್ಣೆಯ ಕೋಟು, ಒರಟು ಉಣ್ಣೆಯ ಚಲ್ಲಣ, ಕಾಲುಚೀಲ, ಬೂಟು, ಎರಡು ಅಂಗಿ, ಎರಡು ಕೊರಳಪಟ್ಟಿ, ಅಂಚಿಗೆ ಲೇಸು ಕಟ್ಟಿದ ಟೋಪಿ ಕೊಡಬೇಕು. ಎರಡನೇ ವರ್ಷ ಹೊಸ ಕೋಟು ಬಂದಾಗ ಹಳೆಯದನ್ನು ಕತ್ತರಿಸಿ ಒಳಗೆ ತೊಡುವ ವೇಸ್ಟ್‌ಕೋಟು ಹೊಲಿಸುತ್ತಿದ್ದರು. ಅಂಗಿ, ಕೊರಳಪಟ್ಟಿ ಒಂದೊಂದೇ. ಹಾಗಾಗಿ ಮೊದಲ ಕೋಟಿನ ಬಟ್ಟೆ ತೆಳುವಾಗಿದ್ದರೆ ಪೆಟ್ಟು ಎರಡು ವರ್ಷಕ್ಕೂ ತಗಲುತ್ತಿತ್ತು.

ತೆಳುವಾಗುತ್ತಿದ್ದುದೇಕೆ? ಕರ್ನಲನ ದುರಾಸೆ ಎಂದುಬಿಡುವುದು ಸುಲಭ. ದುರಾಸೆಗೆ ದಾರಿಯೂ ಇತ್ತು: ಕಡಿತದ ಹಣ ರೆಜಿಮೆಂಟಿಗೆ ಮಂಜೂರಾದ ಸಿಪಾಯಿಗಳ ತಲೆಲೆಕ್ಕದ ಮೇಲೆ ಬರುತ್ತಿತ್ತು, ಬಟ್ಟೆ ಹೊಲಿಸಿ ಉಳಿದ ಹಣ ಅವನದೇ. ಆದರೆ ನನ್ನ ಪ್ರಕಾರ ಹೆಚ್ಚು ಹಾಳು ಮಾಡಿದ್ದು ತಡವಾಗಿ ಬರುತ್ತಿದ್ದ ಹಣ. ಕರ್ನಲ್ ಮುಂದೆ ಬರಲಿರುವ ಕಡಿತದ ಹಣವನ್ನು ಜವಳಿ ವ್ಯಾಪಾರಿಯ ಹೆಸರಿಗೆ ಬರೆದುಕೊಟ್ಟು ಉದ್ದರಿ ತರುತ್ತಿದ್ದ. ಖಜಾನೆಯ ಹಣ ಯಾವಾಗ ಬಂದೀತೋ ಗೊತ್ತಿಲ್ಲದ ವ್ಯಾಪಾರಿ ಬಡ್ಡಿಯನ್ನು ಬೆಲೆಯಲ್ಲೇ ಸೇರಿಸುತ್ತಿದ್ದ, ಇಲ್ಲವೇ ನೇಯ್ಗೆಯಲ್ಲಿ ಕಳೆಯುತ್ತಿದ್ದ.

ಹೊಟ್ಟೆಪಾಡಿನ 6 ಪೆನ್ಸಿಗೂ ಇದೇ ಗತಿ. 1695ರಲ್ಲಿ ಇಂಗ್ಲೆಂಡಿನ ರಾಯ್‌ಸ್ಟನ್ ಊರಿನವರು, ಸಂಬಳ ಕೈಗೆ ಬರದ ಸೈನಿಕರು ತಮ್ಮಿಂದ ಹಣ ಕಿತ್ತುಕೊಳ್ಳುತ್ತಿದ್ದಾರೆಂದು ಸಂಸತ್ತಿಗೆ ದೂರಿತ್ತರು. ವಿಚಾರಣೆಯ ಎಳೆ ಹಿಡಿದು ಹೋದರೆ ಏಜೆಂಟನ ಲೆಕ್ಕ ಸಿಕ್ಕಿತು, 200 ಗಿನಿ (ಚಿನ್ನದ ನಾಣ್ಯ) ಲಂಚ ಪಡೆದ ಖಜಾನೆಯ ಕಾರ್ಯದರ್ಶಿ ಹೆನ್ರಿ ಗೈ ಲಂಡನ್ ಟವರಿನ ಸೆರೆಗೆ ಹೋದ.

1708ರ ಹೊತ್ತಿಗೆ ಸೇನಾಧಿಕಾರಿಗಳ ಮಂಡಳಿ ಮಾದರಿ ಉಡುಪನ್ನು ನೋಡಿ ಮೊಹರು ಹಾಕುವ, ಸರಕನ್ನು ಅದರೊಂದಿಗೆ ಹೋಲಿಸುವ ಪದ್ಧತಿ ಬಂತು. ಬಟ್ಟೆಯ ಗುಣಕ್ಕೆ ಅದು ತಕ್ಕಮಟ್ಟಿನ ಕಾವಲು. ಹಣ ಬರುವ ದಿನಾಂಕಕ್ಕೆ ಮೊಹರು ಬೀಳಲಿಲ್ಲ. ಆದ್ದರಿಂದ ಇಂಥ ಲೆಕ್ಕ ಸಿಕ್ಕಾಗ ಉಡುಪಿನ ದರಪಟ್ಟಿಗಿಂತ ಮೊದಲು ವ್ಯಾಪಾರಿಗೆ ಬರೆದುಕೊಟ್ಟ ಪತ್ರದ ತಾರೀಖು, ಖಜಾನೆ ಹಣ ಬಿಟ್ಟ ತಾರೀಖು, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.