ಅಂಗಡಿಯೇ ಇಲ್ಲದ ಮೇಲೆ ಯಾರನ್ನು ಕೇಳೋದು?

ನಮ್ಮೂರ ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ಲಕ್ಷ್ಮಿ ಫೋಟೋ ಪಕ್ಕದಲ್ಲೇ ಒಂದು ಬೋರ್ಡು ಇತ್ತು: 'ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ಮೊದಲ ಒಗೆತಕ್ಕೇ ಸೀರೆ ಬಣ್ಣ ಬಿಟ್ಟರೂ ಸಾಹುಕಾರರು ಮಾತಾಡುತ್ತಿರಲಿಲ್ಲ. ಬೋರ್ಡಿನ ಕಡೆ ಕೈ ತೋರಿಸುತ್ತಿದ್ದರು, ಅಷ್ಟೇ. ಆದರೂ ಜಗಳ ಆಡೋಕೆ ಎದುರಿಗೆ ಒಬ್ಬ ಮನುಷ್ಯ ಇದ್ದ.

ನಮ್ಮ ಗ್ರಾಹಕರ ಕಾನೂನು ಹುಟ್ಟಿದ್ದು ಅಂಥ ಗಲ್ಲಾದ ಮುಂದೆಯೇ. ಅದಕ್ಕೂ ಮೊದಲು ಇದ್ದದ್ದು 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವವನೇ ನೋಡಿ ಕೊಳ್ಳಬೇಕು ಅನ್ನೋದು ಅದರ ಧಾಟಿ. ಮೋಸವಾದರೆ ಸಿವಿಲ್ ಕೋರ್ಟು. ಒಂದು ಸೀರೆಗಾಗಿ ಯಾರು ಕೋರ್ಟಿಗೆ ಅಲೀತಾರೆ? 1985ರಲ್ಲಿ ವಿಶ್ವಸಂಸ್ಥೆ ಗ್ರಾಹಕರ ರಕ್ಷಣೆಗೆ ಮಾರ್ಗಸೂಚಿ ಕೊಟ್ಟಿತು. ಮರುವರ್ಷ ಡಿಸೆಂಬರ್ 24ರಂದು ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದೂರು ಕೇಳೋಕೆ ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಮೂರು ಹಂತ. ವಕೀಲರು ಬೇಕೇ ಬೇಕು ಅಂತಿಲ್ಲ. ಜಿಲ್ಲಾ ವೇದಿಕೆ ಕೇಳಬಹುದಾದ ದೂರಿನ ಮೊತ್ತದ ಮಿತಿ ಆಗ 1 ಲಕ್ಷ ರೂಪಾಯಿ.

ಮುಂದೆ ಅದರ ವ್ಯಾಪ್ತಿ ಹಿಗ್ಗಿದ್ದರಲ್ಲಿ ಕೋರ್ಟುಗಳ ಪಾಲು ದೊಡ್ಡದು. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆ ಕಟ್ಟಿಕೊಡೋದೂ ಸೇವೆಯೇ ಅಂದಿತು. 1995ರಲ್ಲಿ ದುಡ್ಡು ತಗೊಂಡು ಕೊಡುವ ಚಿಕಿತ್ಸೆಯೂ ಸೇರಿತು. ವಕೀಲರು ಮಾತ್ರ ಹೊರಗೇ ಉಳಿದರು. 2024ರಲ್ಲಿ ಸುಪ್ರೀಂ ಕೋರ್ಟೇ ಹಾಗಂದಿದೆ. ಡಾಕ್ಟರುಗಳಿಗೆ ಹೊಟ್ಟೆ ಉರಿದಿದ್ದರೆ ತಪ್ಪೇನಿಲ್ಲ ಬಿಡಿ.

ಅಷ್ಟರಲ್ಲಿ ಅಂಗಡಿ ಮೊಬೈಲಿನೊಳಗೆ ಸೇರಿಕೊಂಡಿತು. ಹಳೇ ಕಾಯ್ದೆಯ ಪ್ರಕಾರ ದೂರು ಕೊಡಬೇಕಾದ್ದು ಎದುರು ಪಾರ್ಟಿಯ ಕಚೇರಿ ಇರುವಲ್ಲಿ, ಇಲ್ಲವೇ ವ್ಯಾಜ್ಯ ಹುಟ್ಟಿದಲ್ಲಿ. ಶಿರಸಿಯಲ್ಲಿ ಕೂತು ಗುರುಗ್ರಾಮದ ಕಂಪನಿಗೆ ಆರ್ಡರ್ ಕೊಟ್ಟರೆ ವ್ಯಾಜ್ಯ ಹುಟ್ಟೋದು ಎಲ್ಲಿ? ಅದೊಂದನ್ನೇ ತಿಂಗಳುಗಟ್ಟಲೆ ವಾದ ಮಾಡಬಹುದಿತ್ತು. 2019ರ ಹೊಸ ಕಾಯ್ದೆ ಇದನ್ನು ಒಂದೇ ಮಾತಿನಲ್ಲಿ ಮುಗಿಸಿತು: ನೀವಿರುವ ಊರಲ್ಲೇ ದೂರು ಕೊಡಿ. ನನ್ನ ಮಟ್ಟಿಗೆ ಇಡೀ ಹೊಸ ಕಾಯ್ದೆಯಲ್ಲಿ ಇದೇ ದೊಡ್ಡದು. ಬಿಲ್ ಕೊಡದಿರೋದು, ಹಾಳಾದ ಮಾಲು ವಾಪಸ್ ತಗೊಳ್ಳದಿರೋದು ಎರಡೂ ಅನುಚಿತ ವ್ಯಾಪಾರ ಅಂತಲೂ ಕಾಯ್ದೆ ಬರೆದುಕೊಂಡಿತು. ಆ ಹಳೇ ಬೋರ್ಡಿನ ಬಲ ಅಲ್ಲಿಗೆ ಹೋಯಿತು. 2020ರ ಜುಲೈನಲ್ಲಿ ಕಾಯ್ದೆ ಜಾರಿಯಾಯಿತು. ಜತೆಗೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮತ್ತು ಇ-ಕಾಮರ್ಸ್ ನಿಯಮಗಳೂ ಬಂದವು.

ಆದರೆ ಮಾರಿದವನು ಯಾರು ಅನ್ನೋದು ಬಗೆಹರಿಯಲಿಲ್ಲ. ನಾನೊಮ್ಮೆ ಆ್ಯಪ್‌ನಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್ ತರಿಸಿದ್ದೆ. ಮೂರನೇ ದಿನಕ್ಕೆ ತಳದಿಂದ ನೀರು ಸೋರಿತು. ಆ್ಯಪ್‌ನವರನ್ನು ಕೇಳಿದರೆ "ನಾವು ಬರೀ ಮಧ್ಯವರ್ತಿ, ಮಾರಾಟಗಾರರನ್ನು ಕೇಳಿ" ಅಂದರು. ಡಬ್ಬದ ಮೇಲಿದ್ದ ಮಾರಾಟಗಾರರ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕಳಿಸಿದೆ. ಆ ಹೆಸರಿನವರು ಇಲ್ಲಿಲ್ಲ ಅಂತ ಷರಾ ಹೊತ್ತು ಅದು ವಾಪಸ್ ಬಂತು. ಇಂಥ ಹೊತ್ತಿಗೆ ಆ್ಯಪ್‌ನವರೇ ಹೊಣೆ ಹೊರಬೇಕು ಅನ್ನುವ ಕರಡು ನಿಯಮವೊಂದನ್ನು ಕೇಂದ್ರ 2021ರ ಜೂನ್‌ನಲ್ಲಿ ಹೊರಡಿಸಿತ್ತು. ಅದು ಕರಡಾಗಿಯೇ ಉಳಿಯಿತು.

ಇನ್ನು ಮಾಲು ಚೆನ್ನಾಗಿದ್ದರೂ ನಡೆಯುವ ಮೋಸ ಬೇರೆ. ಟಿಕೆಟ್ ಬುಕ್ ಮಾಡುವಾಗ ನೀವು ಕೇಳದ ದೇಣಿಗೆ, ಇನ್ಶೂರೆನ್ಸ್ ಸುಮ್ನೆ ಬಿಲ್ಲಿಗೆ ಬಂದು ಕೂತಿರುತ್ತದೆ. ತೆಗೆಯೋಕೆ ಹೋದರೆ 'ನಾನು ಸುರಕ್ಷತೆ ಇಲ್ಲದೇ ಇರುತ್ತೇನೆ' ಅನ್ನುವ ಬಟನ್ ಒತ್ತಬೇಕು. ಬೇಡ ಅಂದವರಿಗೇ ನಾಚಿಕೆ ಆಗುವ ಹಾಗೆ! ಇದಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. 2023ರ ನವೆಂಬರ್ 30ರ ಮಾರ್ಗಸೂಚಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. 'ಎರಡೇ ಉಳಿದಿವೆ' ಅಂತ ಸುಳ್ಳು ಅವಸರ ಹುಟ್ಟಿಸೋದು, ಚಂದಾ ನಿಲ್ಲಿಸುವ ದಾರಿಯನ್ನು ಬಚ್ಚಿಡೋದು ಎಲ್ಲ ಅದರಲ್ಲಿವೆ. ಬೀದಿ ಕೊನೆಯ ತರಕಾರಿಯವರು ತಕ್ಕಡಿಯ ಕೆಳಗೆ ಅಯಸ್ಕಾಂತ ಅಂಟಿಸಿದರೆ ನಾವು ಬೈದು ಬರುತ್ತಿದ್ದೆವು. ಇಲ್ಲಿ ತಕ್ಕಡಿಯೇ ಅವರದು, ಪರದೆಯೂ ಅವರದು.

ಹಳೇ ಗ್ರಾಹಕ ವೇದಿಕೆಗೆ ಈಗ ಆಯೋಗ ಅಂತ ಹೆಸರು. ಅಲ್ಲಿಗೆ ಹೋಗೋದು ಈಗ ಕಷ್ಟವಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮಾಲನ್ನು ಲ್ಯಾಬಿಗೆ ಕಳಿಸುವ ಪ್ರಮೇಯ ಬರದಿದ್ದರೆ ಮೂರು ತಿಂಗಳಲ್ಲಿ ತೀರ್ಪು ಕೊಡಲು ಪ್ರಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಅದು ಕಾಗದದ ಮಾತು. ಆಯೋಗಗಳಲ್ಲಿ ಖಾಲಿ ಬಿದ್ದ ಅಧ್ಯಕ್ಷರ, ಸದಸ್ಯರ ಕುರ್ಚಿಗಳ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಳ್ಳಬೇಕಾಯಿತು.

ನನ್ನ ಕೆಟಲ್ ಅಷ್ಟು ದೂರ ಹೋಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅವರಿಗೆ ಆದೇಶ ಕೊಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ ಅಷ್ಟೇ. ಒಂದು ವಾರ ಕಳೆದ ಮೇಲೆ ದುಡ್ಡು ಖಾತೆಗೆ ಬಂತು. ಕಳಿಸಿದ್ದು 'ಬರೀ ಮಧ್ಯವರ್ತಿ' ಅಂದಿದ್ದವರೇ.