ಹೈಲ್ಯಾಂಡರ್ ಕತ್ತಿಗಳಲ್ಲಿ ಕಿಡಿ ಹಾರಿಸಿದ್ದು ಕಾರ್ ಬ್ಯಾಟರಿ

ಸಿನಿಮಾದಲ್ಲಿ ಕತ್ತಿವರಸೆ ಅಂದಮೇಲೆ ಕಿಡಿ ಹಾರಲೇಬೇಕು. ಅದನ್ನು ನೋಡಿ ನೋಡಿ, ಹಳೇ ಕಾಲದ ರಣರಂಗದಲ್ಲೂ ಹೀಗೇ ಕಿಡಿ ಸುರಿಯುತ್ತಿತ್ತು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಕಿಡಿ ಜಾಸ್ತಿ ಬಂದರೆ ಕತ್ತಿ ಒಳ್ಳೆಯದು, ಅದರಲ್ಲಿ ಏನೋ ದೈವೀ ಶಕ್ತಿ ಇದೆ ಎನ್ನುವವರೂ ಇದ್ದಾರೆ. ಇಂಥ ಮಾತು ಕೇಳಿದಾಗ ನನಗೆ ತಡೆಯಲಾಗುವುದಿಲ್ಲ. ಯಾಕೆಂದರೆ ಕಿಡಿಯ ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ.

1986ರಲ್ಲಿ ಬಂದ 'ಹೈಲ್ಯಾಂಡರ್' ಎಂಬ ಇಂಗ್ಲಿಷ್ ಸಿನಿಮಾ ತಗೊಳ್ಳಿ. ಕಾರ್ ಪಾರ್ಕಿಂಗ್‌ನಲ್ಲಿ ನಡೆಯುವ ಅದರ ಮೊದಲ ಕಾಳಗ ನೋಡಿದವರು ಮರೆಯುವುದಿಲ್ಲ. ವರಸೆ ಹೇಳಿಕೊಟ್ಟವರು ಬಾಬ್ ಆಂಡರ್ಸನ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ ಕತ್ತಿವರಸೆಗಾರ. ಹೈಲ್ಯಾಂಡರ್‌ಗೂ ಮೊದಲು ಸ್ಟಾರ್ ವಾರ್ಸ್ ಸಿನಿಮಾಗಳ ಕಾಳಗಗಳಲ್ಲಿ ಖಳ ಡಾರ್ತ್ ವೇಡರ್‌ನ ಕಪ್ಪು ವೇಷದೊಳಗೆ ಇದ್ದವರೂ ಇವರೇ. ಹೈಲ್ಯಾಂಡರ್ ನಾಯಕ ಕ್ರಿಸ್ಟೋಫರ್ ಲ್ಯಾಂಬರ್ಟ್‌ಗೆ ಕನ್ನಡಕವಿಲ್ಲದೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಿದ್ದೂ ಆ ವೇಗದಲ್ಲಿ ಕತ್ತಿ ಬೀಸಿದ್ದಾರೆ ಎಂದರೆ ಒಂದೊಂದು ಹೆಜ್ಜೆಯನ್ನೂ ಎಷ್ಟು ಅಭ್ಯಾಸ ಮಾಡಿರಬೇಕು, ಯೋಚಿಸಿ.

ಅಲ್ಲಿ ಕಿಡಿ ಬರಿಸಲು ಕತ್ತಿಗಳಿಗೆ ತಂತಿ ಕಟ್ಟಿ ಕಾರ್ ಬ್ಯಾಟರಿಗೆ ಜೋಡಿಸಿದ್ದರು. ಒಂದು ಕತ್ತಿ ಪ್ಲಸ್, ಇನ್ನೊಂದು ಮೈನಸ್. ಎರಡೂ ತಾಗಿದರೆ ಶಾರ್ಟ್ ಸರ್ಕ್ಯೂಟ್!

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗಾಳಿಯಲ್ಲಿ ಒಂದು ಮಿಲಿಮೀಟರ್ ದೂರ ಕಿಡಿ ಹಾರಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕಾರ್ ಬ್ಯಾಟರಿಯಲ್ಲಿ ಇರುವುದು 12. ಹಾಗಾದರೆ ಕಿಡಿ ಬಂದದ್ದು ಹೇಗೆ? ಉತ್ತರ ಲೋಹದ ಮೈಯಲ್ಲಿದೆ. ಎಷ್ಟೇ ನುಣುಪಾಗಿ ಉಜ್ಜಿದ ಕತ್ತಿಯಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಉಬ್ಬುತಗ್ಗು. ಎರಡು ಕತ್ತಿ ತಾಗಿದಾಗ ನಿಜವಾಗಿ ಮುಟ್ಟುವುದು ಕೆಲವೇ ಉಬ್ಬುಗಳ ತುದಿ. ಬ್ಯಾಟರಿಯಿಂದ ನುಗ್ಗುವ ನೂರಾರು ಆಂಪಿಯರ್ ಕರೆಂಟೆಲ್ಲ ಆ ತುದಿಗಳ ಮೂಲಕವೇ ಹೋಗಬೇಕು. ತೇರು ಮುಗಿದ ಮೇಲೆ ಇಡೀ ಜಾತ್ರೆಯ ಜನ ಒಂದೇ ಕಿರುಬಾಗಿಲಿನಿಂದ ಹೊರಟ ಹಾಗೆ. ಆ ಇಕ್ಕಟ್ಟಿನಲ್ಲಿ ಬಿಸಿ ಏರುತ್ತದೆ. ಎಷ್ಟು? 200 ಆಂಪಿಯರ್ ಹರಿದರೆ 12 ವೋಲ್ಟ್‌ನಲ್ಲಿ 2,400 ವ್ಯಾಟ್. ಅದರಲ್ಲಿ ಹೆಚ್ಚಿನ ಪಾಲು ತಂತಿಯಲ್ಲಿ, ಬ್ಯಾಟರಿಯೊಳಗೆ ಹೋದರೂ, ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳ ಮೇಲೆ ಬೀಳುತ್ತದೆ. ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ. ಚುಕ್ಕಿ ಕ್ಷಣದಲ್ಲೇ ಕರಗಿ, ಹನಿಯಾಗಿ ಸಿಡಿದು, ಗಾಳಿಯ ಆಮ್ಲಜನಕ ಸಿಕ್ಕಿ ಉರಿಯುತ್ತದೆ. ನೀವು ಪರದೆ ಮೇಲೆ ಕಂಡ ಕಿಡಿ ಅದು, ಉರಿಯುತ್ತಿರುವ ಕಬ್ಬಿಣ.

ನಟರಿಗೆ ಶಾಕ್ ಹೊಡೆಯಲಿಲ್ಲವಾ? ಒಣ ಚರ್ಮಕ್ಕೆ ಸಾವಿರಾರು ಓಮ್ ತಡೆ ಇರುತ್ತದೆ, 12 ವೋಲ್ಟ್ ಅದನ್ನು ದಾಟಿ ಹೆಚ್ಚೇನೂ ಮಾಡಲಾರದು. ಹಾಗಂತ ಮನೆಯಲ್ಲಿ ದಯವಿಟ್ಟು ಪ್ರಯೋಗ ಮಾಡಬೇಡಿ. ತಂತಿ ಕೆಂಪಗೆ ಕಾದು ಕೈ ಸುಡುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಕಿಡಿ ತಾಗಿದರೆ ಬ್ಯಾಟರಿಯೇ ಸಿಡಿಯಬಹುದು.

ಬ್ಯಾಟರಿ ಇಲ್ಲದಿದ್ದರೆ? ಜೋರಾಗಿ ಅಂಚಿಗೆ ಅಂಚು ಬಡಿದಾಗ ಒಂದೆರಡು ಸಣ್ಣ ಕಿಡಿ ಬಂದೀತು, ಹಗಲಲ್ಲಿ ಕಾಣುವುದೂ ಕಷ್ಟ. ಕಿಡಿ ಬೇಕೆಂದರೆ ಉಕ್ಕಿನಿಂದ ಸಣ್ಣ ಚೂರು ಕೆತ್ತಿ ಬರಬೇಕು, ಕೆತ್ತುವಾಗಲೇ ಕಾಯಬೇಕು. ಚಕಮಕಿ ಕಲ್ಲು ಉಕ್ಕಿಗಿಂತ ಗಟ್ಟಿ, ಅದಕ್ಕೇ ಕೆತ್ತುತ್ತದೆ. ಸಾಣೆಕಲ್ಲು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಚೂರು ಕೆತ್ತುತ್ತದೆ. ಎರಡು ಕತ್ತಿಗಳ ಗಟ್ಟಿತನ ಹೆಚ್ಚೂಕಮ್ಮಿ ಒಂದೇ, ಒಂದನ್ನೊಂದು ಕೆತ್ತುವುದಕ್ಕಿಂತ ಜಾಸ್ತಿ ಅಂಚಿನಲ್ಲಿ ಕಚ್ಚು ಬೀಳಿಸಿಕೊಳ್ಳುತ್ತವೆ.

ಉಕ್ಕಿನ ವಿಷಯ ಬಂದಮೇಲೆ ನಮ್ಮ ಕಡೆಯ ಮಾತು ಹೇಳದೆ ಇರುವುದು ಹೇಗೆ? 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ, ಶೇಕಡಾ 1.5ರ ಆಸುಪಾಸು ಇಂಗಾಲವಿರುವ ಉಕ್ಕಾಗುತ್ತಿತ್ತು. ಅದರಲ್ಲಿ ಮಂತ್ರ ಏನೂ ಇಲ್ಲ, ಇದ್ದದ್ದು ತಲೆಮಾರುಗಳ ಕೈಚಳಕ. ಈ ಉಕ್ಕಿನ ಗುಟ್ಟು ಹುಡುಕಲು ಲಂಡನ್ನಿನಲ್ಲಿ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಕೂತವನು ಯಾರು ಗೊತ್ತಾ? ವಿಜ್ಞಾನಿ ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ! 1820ರಲ್ಲಿ ಇಬ್ಬರೂ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಲೇಖನ ಪ್ರಕಟಿಸಿದರು. ಅದೇ ಫ್ಯಾರಡೆ 1834ರಲ್ಲಿ, ಸುರುಳಿ ತಂತಿಯ ಕರೆಂಟ್ ಕಡಿದಾಗ ಯಾಕೆ ಅಷ್ಟು ಜೋರು ಕಿಡಿ ಬರುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದ. ಹರಿಯುತ್ತಿರುವ ಕರೆಂಟ್ ತಟ್ಟನೆ ನಿಲ್ಲಲು ಒಪ್ಪುವುದಿಲ್ಲ, ಬಾಯಿ ಬಿಟ್ಟ ಜಾಗದಲ್ಲೂ ದಾಟಲು ನೋಡುತ್ತದೆ. ಮನೆಯ ಫ್ಯಾನ್ ಸ್ವಿಚ್ ಆಫ್ ಮಾಡುವಾಗ ಒಳಗೆ ಮಿಂಚುವುದು ಇದೇ. ಹೈಲ್ಯಾಂಡರ್ ಕತ್ತಿಗಳು ಬೇರೆಯಾಗುವ ಕ್ಷಣದಲ್ಲೂ ಇದರದ್ದೊಂದು ಪುಟ್ಟ ಪಾಲು ಇದೆ. ಕತ್ತಿಯ ಉಕ್ಕು, ಕರೆಂಟಿನ ಕಿಡಿ ಎರಡನ್ನೂ ಒಬ್ಬನೇ ಕೆದಕಿದ್ದು ನನಗೆ ಎಷ್ಟು ಸಲ ನೆನೆದರೂ ಖುಷಿ ಕೊಡುತ್ತದೆ.

ಈಗ ಶೂಟಿಂಗ್‌ನಲ್ಲಿ ಹಗುರ ಅಂತ ಅಲ್ಯೂಮಿನಿಯಂ ಕತ್ತಿ ಬಳಸುವುದು ಸಾಮಾನ್ಯ. ಅಲ್ಯೂಮಿನಿಯಂ ಅನ್ನು ಸಾಣೆ ಹಿಡಿದರೂ ಕಿಡಿ ಬರುವುದಿಲ್ಲ, ಹಾಗಾಗಿ ಕಿಡಿಯನ್ನು ಕಂಪ್ಯೂಟರ್‌ನಲ್ಲಿ ಸೇರಿಸುತ್ತಾರೆ. ಅಸಲಿಯೋ ನಕಲಿಯೋ ಪತ್ತೆ ಹಚ್ಚಲು ದೃಶ್ಯವನ್ನು ನಿಧಾನ ಮಾಡಿ ನೋಡಿ. ಇಂಗಾಲವಿರುವ ಉಕ್ಕಿನ ಕಿಡಿ ಹಾರುತ್ತಾ ಹಾರುತ್ತಾ ನಡುವೆ ಒಡೆದು ಕವಲಾಗುತ್ತದೆ, ಒಳಗಿನ ಇಂಗಾಲ ಉರಿದು ಅನಿಲವಾಗಿ ಹನಿಯನ್ನು ಸಿಡಿಸುವುದರಿಂದ. ಕವಲು ನೋಡಿಯೇ ಉಕ್ಕಿನಲ್ಲಿ ಇಂಗಾಲ ಎಷ್ಟಿದೆ ಎಂದು ಅಂದಾಜು ಹೇಳುವವರು ವರ್ಕ್‌ಶಾಪ್‌ಗಳಲ್ಲಿ ಇಂದಿಗೂ ಇದ್ದಾರೆ.